ಕಾಲು ಗಂಟೆಯ ಭೇಟಿಗಳು: ಇಂಗ್ಲೆಂಡಿನ ಸಣ್ಣ ಊರೊಂದರ ಹೆಂಗಸರು

(ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮ್ಯಾಂಚೆಸ್ಟರಿನಿಂದ ಸುಮಾರು ಹದಿನೈದು ಮೈಲಿ ದೂರದಲ್ಲಿ, ಚೆಷೈರ್ ಸೀಮೆಯಲ್ಲಿ, ನಟ್ಸ್‌ಫರ್ಡ್ ಅನ್ನುವ ಊರಿದೆ. ಜೊತೆಜೊತೆಯಾಗಿ ಸಾಗುವ ಎರಡು ಉದ್ದ ಬೀದಿಗಳು. ಊರವರ ಬಾಯಲ್ಲಿ ಅವು ಮೇಲಿನ ಬೀದಿ, ಕೆಳಗಿನ ಬೀದಿ. ಕೆಳಗಿನ ಬೀದಿಯಲ್ಲಿ ರಾಯಲ್ ಜಾರ್ಜ್ ಎಂಬ ವಸತಿಗೃಹವಿತ್ತು, ಊರಿನ ನೃತ್ಯಕೂಟಗಳು ನಡೆಯುತ್ತಿದ್ದದ್ದು ಅಲ್ಲೇ. ಊರಾಚೆ ಟ್ಯಾಟನ್ ಪಾರ್ಕಿನಲ್ಲಿ ಎಗರ್ಟನ್ ಜಮೀನ್ದಾರರ ಬಂಗಲೆ. ರೈಲು ಇಲ್ಲಿಗೆ ಬಂದದ್ದು 1862ರಲ್ಲಿ. ಅಷ್ಟು ಹತ್ತಿರದ ಮ್ಯಾಂಚೆಸ್ಟರಿನಲ್ಲಿ ಗಿರಣಿಗಳು ಎದ್ದು ಜಗತ್ತೇ ಬದಲಾಗುತ್ತಿದ್ದರೂ ಈ ಊರು ಕಾಲ್ನಡಿಗೆ ಮತ್ತು ಕುದುರೆಯ ವೇಗದಲ್ಲೇ ಬಹುಕಾಲ ಬಾಳಿತು.

ಇಂಥ ಊರುಗಳಲ್ಲಿ 1800ರಿಂದ 1850ರ ನಡುವೆ ಬದುಕಿದ ಒಂದು ಬಗೆಯ ಹೆಂಗಸರ ಬಗ್ಗೆ ಇವತ್ತು ಮಾತಾಡುತ್ತೇನೆ. ತೀರಿಕೊಂಡ ಪಾದ್ರಿಯ ಮದುವೆಯಾಗದ ಹೆಣ್ಣುಮಕ್ಕಳು, ಸೈನ್ಯದ ಕ್ಯಾಪ್ಟನ್ ಒಬ್ಬನ ವಿಧವೆ, ಊರ ಡಾಕ್ಟರ ಅಕ್ಕ. ಮನೆತನ ದೊಡ್ಡದು, ವರಮಾನ ಚಿಕ್ಕದು. ಹಗಲು ಒಬ್ಬರ ಮನೆಗೆ ಒಬ್ಬರು ಹೋಗುವುದು, ಸಂಜೆ ಟೀ ಕುಡಿದು ಇಸ್ಪೀಟು ಆಡುವುದು, ಟೋಪಿಯ ರಿಬ್ಬನ್ ಬಗ್ಗೆ ಮಾತಾಡುವುದು. ಹೊರಗಿನಿಂದ ನೋಡಿದವರಿಗೆ ಕಂಡದ್ದು ಇಷ್ಟೇ. ಬರೀ ಕಾಲಹರಣ ಎಂದು ತಳ್ಳಿಹಾಕಿದವರೇ ಹೆಚ್ಚು. ನಾನು ಆ ಮಾತನ್ನು ಒಪ್ಪುವುದಿಲ್ಲ. ಕೈಯಲ್ಲಿ ಕಾಸಿಲ್ಲದ, ಬೆನ್ನಿಗೆ ಗಂಡಸಿಲ್ಲದ ಹೆಂಗಸರು ಒಬ್ಬರನ್ನೊಬ್ಬರು ಬೀಳಗೊಡದೆ ಹಿಡಿದುಕೊಳ್ಳಲು ಕಟ್ಟಿಕೊಂಡ ವ್ಯವಸ್ಥೆ ಅದು. ಆ ಶಿಷ್ಟಾಚಾರದ ಒಂದೊಂದು ನಿಯಮದ ಹಿಂದೆಯೂ ಒಂದು ಲೆಕ್ಕವಿತ್ತು.

ಈ ಹೆಂಗಸರು ಒಂಟಿಯಾಗಿ ಯಾಕಿದ್ದರು? ಗಂಡಸರು ಕಡಿಮೆಯಿದ್ದರು ಅನ್ನುವುದು ಒಂದು ಉತ್ತರ. ನೆಪೋಲಿಯನ್ನನ ಕಾಲದ ಯುದ್ಧಗಳು ಒಂದಷ್ಟು ಜನರನ್ನು ನುಂಗಿದವು. ವಸಾಹತುಗಳು, ಹಡಗಿನ ಉದ್ಯೋಗ, ವಲಸೆ ಇನ್ನಷ್ಟು ಜನರನ್ನು ಕೊಂಡೊಯ್ದವು. ಮಧ್ಯಮ ವರ್ಗದ ಗಂಡಸು ಮನೆ ನಡೆಸುವಷ್ಟು ಸಂಪಾದಿಸಿ ಮದುವೆಯಾಗುವ ಹೊತ್ತಿಗೆ ನಡುವಯಸ್ಸು ಹತ್ತಿರ ಬಂದಿರುತ್ತಿತ್ತು. 1851ರ ಜನಗಣತಿಯ ಲೆಕ್ಕ ಹೊರಬಿದ್ದಾಗ, ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಲಕ್ಷಗಟ್ಟಲೆ ಹೆಚ್ಚಿದ್ದಾರೆ ಎಂದು ಪತ್ರಿಕೆಗಳು ಇವರನ್ನು ಒಂದು ಸಮಸ್ಯೆಯೆಂಬಂತೆ ಚರ್ಚಿಸಿದವು. ತಮ್ಮ ಪಾಡಿಗೆ ತಾವು ಬದುಕುತ್ತಿದ್ದವರನ್ನು ಮಿಕ್ಕ ಸರಕಿನಂತೆ ಎಣಿಸಿದ ಆ ಲೇಖನಗಳನ್ನು ಇವತ್ತು ಓದಿದರೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಉತ್ತರ ಕಾನೂನಿನಲ್ಲಿದೆ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ಆಸ್ತಿಯೆಂಬುದೇ ಇರಲಿಲ್ಲ. ಅವಳ ಹಣ, ಒಡವೆ, ಕೂಲಿ ಎಲ್ಲವೂ ತಾಳಿ ಬಿದ್ದ ಗಳಿಗೆಗೇ ಗಂಡನದಾಗುತ್ತಿತ್ತು ಅನ್ನೋಣ, ನಮ್ಮ ಮಾತಿನಲ್ಲಿ ಹೇಳುವುದಾದರೆ. ಶ್ರೀಮಂತರು ವಕೀಲರನ್ನು ಹಿಡಿದು ಮಗಳ ಹೆಸರಲ್ಲಿ ಟ್ರಸ್ಟ್ ಮಾಡಿಸುತ್ತಿದ್ದರು. ಉಳಿದವರಿಗೆ ಆ ದಾರಿ ಇರಲಿಲ್ಲ. ಮದುವೆಯಾಗದವಳು ಮತ್ತು ವಿಧವೆ ಮಾತ್ರ ತಮ್ಮ ಹೆಸರಿನಲ್ಲಿ ಬಾಡಿಗೆಗೆ ಮನೆ ಹಿಡಿಯಬಹುದಿತ್ತು, ಕರಾರಿಗೆ ಸಹಿ ಹಾಕಬಹುದಿತ್ತು, ಉಯಿಲು ಬರೆಯಬಹುದಿತ್ತು. ನಟ್ಸ್‌ಫರ್ಡಿನಂಥ ಊರಿನಲ್ಲಿ ಮನೆಯ ಯಜಮಾನಿ ನಾನೇ ಎಂದು ಕುಳಿತ ಹೆಂಗಸರು ಅಷ್ಟೊಂದು ಮಂದಿ ಇದ್ದದ್ದು ಇದರಿಂದಲೇ. ಬಡತನವಿತ್ತು ನಿಜ, ಆದರೆ ಮನೆಯ ಬೀಗದ ಕೈ ಅವರ ಸೊಂಟದಲ್ಲೇ ಇತ್ತು.

ಹ್ಯಾನಾ ಲಂಬ್ ಅವರನ್ನು ನೋಡಿ. ಮದುವೆಯಾಗಿ ಯಾರ್ಕ್‌ಷೈರಿನ ವೇಕ್‌ಫೀಲ್ಡಿಗೆ ಹೋದವರು. ಗಂಡನ ಮನಸ್ಸು ಸ್ಥಿಮಿತದಲ್ಲಿಲ್ಲ ಎಂದು ತಿಳಿದಾಗ ಮಗಳನ್ನು ಕರೆದುಕೊಂಡು ಹೊರಟು ಬಂದರು, ಕೊನೆಗೆ ನೆಲೆ ನಿಂತದ್ದು ನಟ್ಸ್‌ಫರ್ಡಿನ ಬಯಲಿನಂಚಿನ ಒಂದು ಮನೆಯಲ್ಲಿ. ಆ ಮಗಳು ಮೇರಿಯಾನ್‌ಗೆ ಅಂಗವೈಕಲ್ಯವಿತ್ತು. 1811ರಲ್ಲಿ ಹ್ಯಾನಾ ಅವರ ತಂಗಿ ಲಂಡನ್ನಿನಲ್ಲಿ ತೀರಿಕೊಂಡಾಗ, ಒಂದು ವರ್ಷದ ಕೂಸನ್ನು ಈ ಮನೆಗೇ ತಂದು ಬಿಟ್ಟರು. ಮರುವರ್ಷ ಮೇರಿಯಾನ್ ಸತ್ತಳು. ಚಿಕ್ಕಿ, ದೊಡ್ಡಮ್ಮ, ನೆರೆಯ ಅಜ್ಜಿಯರ ನಡುವೆ ಬೆಳೆದ ಆ ಕೂಸು ಮುಂದೆ ಕಾದಂಬರಿಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಆಯಿತು. ಈ ಬದುಕು ಕಣ್ಣೆದುರೇ ಕರಗುತ್ತಿದೆ, ಯಾರಾದರೂ ಬರೆದಿಡಬೇಕು ಎಂದು ಅವರು 1849ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಪ್ರಬಂಧ ಬರೆದರು. ಗಂಡನನ್ನು ಬಿಟ್ಟು ಬಂದ ಹೆಣ್ಣೊಬ್ಬಳಿಗೆ ಮನೆ ಮಾಡಿಕೊಳ್ಳಲು, ತಾಯಿಯಿಲ್ಲದ ಕೂಸನ್ನು ಸಾಕಲು ಜಾಗ ಕೊಟ್ಟ ಊರು ಇದು. ಆ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ.

ಇನ್ನು ದುಡ್ಡಿನ ಮಾತು. ಈ ಹೆಂಗಸರಿಗೆ ಸಂಬಳವಿಲ್ಲ. ವ್ಯಾಪಾರಕ್ಕೆ ಕೈ ಹಾಕಿದರೆ ಮರ್ಯಾದೆ ಹೋಗುತ್ತಿತ್ತು. ತಂದೆಯೋ ಅಣ್ಣನೋ ಬಿಟ್ಟುಹೋದ ಗಂಟನ್ನು ಸರ್ಕಾರದ ಸಾಲಪತ್ರಗಳಲ್ಲಿ ಇಟ್ಟು ಬಡ್ಡಿಯಲ್ಲಿ ಬದುಕಬೇಕು. ಕನ್ಸಾಲ್ ಎಂದು ಕರೆಯುತ್ತಿದ್ದ ಆ ಪತ್ರಗಳ ಬಡ್ಡಿ ನೂರಕ್ಕೆ ಮೂರು. ಸಾವಿರ ಪೌಂಡಿನ ಪತ್ರವಿದ್ದರೆ ವರ್ಷಕ್ಕೆ ಮೂವತ್ತು ಪೌಂಡ್. ಬೆಲೆ ಏರಿದರೂ ಬಡ್ಡಿ ಏರುವುದಿಲ್ಲ.

ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಅವರ ಮನೆಯ ಲೆಕ್ಕ ನಮಗೆ ಸಿಗುತ್ತದೆ. ಪಾದ್ರಿಯಾಗಿದ್ದ ತಂದೆ 1805ರಲ್ಲಿ ತೀರಿಕೊಂಡಾಗ, ಅಮ್ಮ ಮತ್ತು ಅಕ್ಕ ಕೆಸಾಂಡ್ರಾರ ಸ್ವಂತ ವರಮಾನ ಸೇರಿ ವರ್ಷಕ್ಕೆ ಸುಮಾರು 210 ಪೌಂಡ್. ಕೆಸಾಂಡ್ರಾರ ಪಾಲು ಬಂದ ಬಗೆ ಕೇಳಿ. ಅವರನ್ನು ಮದುವೆಯಾಗಬೇಕಿದ್ದ ಟಾಮ್ ಫೌಲ್ 1797ರಲ್ಲಿ ವೆಸ್ಟ್ ಇಂಡೀಸಿನಲ್ಲಿ ಹಳದಿ ಜ್ವರದಿಂದ ಸತ್ತರು. ಸಾಯುವ ಮೊದಲು ಬರೆದಿಟ್ಟ ಉಯಿಲಿನಲ್ಲಿ ಸಾವಿರ ಪೌಂಡ್ ಬಿಟ್ಟಿದ್ದರು. ಅದರ ಬಡ್ಡಿ ಅವರ ಜೀವನಾಧಾರ. ಜೇನ್ ಹೆಸರಿನಲ್ಲಿ ಏನೂ ಇರಲಿಲ್ಲ. ಅಣ್ಣತಮ್ಮಂದಿರು ತಲಾ ಐವತ್ತು, ನೂರು ಎಂದು ಸೇರಿಸಿ ಮೊತ್ತವನ್ನು ಸುಮಾರು 450ಕ್ಕೆ ಮುಟ್ಟಿಸಿದರು. ಮನೆಯಲ್ಲಿ ಬೆಳಗಿನ ಉಪಾಹಾರ ಮಾಡುವುದು, ಟೀ ಮತ್ತು ಸಕ್ಕರೆಯನ್ನು ಕಾಯುವುದು ಜೇನ್ ಪಾಲಿನ ಕೆಲಸ. ಟೀ, ಸಕ್ಕರೆಗೆ ಕಾವಲು ಯಾಕೆ ಅನ್ನುತ್ತೀರಾ? 1836ರಲ್ಲೂ ಒಂದು ಪೌಂಡ್ ತೂಕದ ಟೀ ಮೇಲೆ ಸುಂಕವೇ ಎರಡು ಷಿಲಿಂಗ್ ಒಂದು ಪೆನ್ನಿ (ಆಗ ಒಂದು ಪೌಂಡಿಗೆ ಇಪ್ಪತ್ತು ಷಿಲಿಂಗ್, ಒಂದು ಷಿಲಿಂಗಿಗೆ ಹನ್ನೆರಡು ಪೆನ್ನಿ). ಹಾಗಾಗಿ ಟೀ ಇಡುವ ಪೆಟ್ಟಿಗೆಗೂ ಬೀಗ ಇರುತ್ತಿತ್ತು.

ಈಗ ಆ ಭೇಟಿಯನ್ನು ಹತ್ತಿರದಿಂದ ನೋಡೋಣ. ಬೆಳಗಿನ ಭೇಟಿ ಎಂದು ಹೆಸರಿದ್ದರೂ ಅದು ನಡೆಯುತ್ತಿದ್ದದ್ದು ನಡು ಮಧ್ಯಾಹ್ನ, ಹನ್ನೆರಡರ ನಂತರ. ಬಾಗಿಲು ತಟ್ಟಿದರೆ ಕೆಲಸದ ಹುಡುಗಿ ತೆರೆಯುತ್ತಾಳೆ. ಅಮ್ಮಾವರು ಮನೆಯಲ್ಲಿಲ್ಲ ಎಂದರೆ ಹೆಸರಿನ ಚೀಟಿ ಕೊಟ್ಟು ಬರಬೇಕು. ಒಳಗೇ ಇದ್ದು ಹಾಗೆ ಹೇಳಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಒಳಗೆ ಕರೆದರೆ ತಲೆಯ ಬಾನೆಟ್ ತೆಗೆಯುವಂತಿಲ್ಲ. ಕಾಲು ಗಂಟೆ ಕೂರುವುದು, ಏಳುವುದು. ತಿಂಡಿ ತೀರ್ಥ ಕೊಡಬೇಕಾದ ಕಟ್ಟುಪಾಡಿಲ್ಲ. ಕೆಲವು ದಿನಗಳೊಳಗೆ ಅವರು ನಿಮ್ಮ ಮನೆಗೆ ಬಂದು ಆ ಭೇಟಿಯನ್ನು ತೀರಿಸಬೇಕು.

ಬಾನೆಟ್ ತೆಗೆಯುವುದಿಲ್ಲ ಅಂದರೆ ಉಳಿಯುವುದಿಲ್ಲ ಎಂದು ಮೊದಲೇ ಹೇಳಿದ ಹಾಗೆ. ಉಳಿಯುವುದಿಲ್ಲ ಅಂದರೆ ಊಟ ಹಾಕಬೇಕಿಲ್ಲ, ಒಲೆಗೆ ಇನ್ನೊಂದು ಹಿಡಿ ಕಲ್ಲಿದ್ದಲು ಸುರಿಯಬೇಕಿಲ್ಲ. ನಾನೂರು ಪೌಂಡ್ ವರಮಾನದವಳೂ ಅರವತ್ತು ಪೌಂಡಿನವಳೂ ಆ ಹದಿನೈದು ನಿಮಿಷದಲ್ಲಿ ಸಮಾನವಾಗಿ ಸತ್ಕರಿಸಬಲ್ಲರು, ಯಾಕೆಂದರೆ ಇಬ್ಬರೂ ಏನನ್ನೂ ಕೊಡುವುದಿಲ್ಲ. ಭೇಟಿ ಕಡ್ಡಾಯವಾಗಿದ್ದರಿಂದ ಒಂಟಿಯಾಗಿ ಬಾಳುವ ಮುದುಕಿಯ ಬಾಗಿಲನ್ನೂ ಯಾರಾದರೊಬ್ಬರು ತಟ್ಟಿಯೇ ತಟ್ಟುತ್ತಿದ್ದರು. ಅವಳಿಗೆ ಕೆಮ್ಮು ಹತ್ತಿದೆಯೇ, ಮುಖ ಬಾಡಿದೆಯೇ, ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತು. ಹರಟೆ ಎಂದು ಬೈಯುವ ಆ ಸುದ್ದಿಸಂಚಾರವೇ ಮರುದಿನ ಗಂಜಿಯ ಪಾತ್ರೆಯನ್ನು ಅವಳ ಮನೆಗೆ ಕಳಿಸುತ್ತಿತ್ತು.

ಸಂಜೆಯ ಕೂಟದಲ್ಲೂ ಇದೇ ಜಾಣತನ. ಕಾಗದದಷ್ಟು ತೆಳ್ಳಗೆ ಕೊಯ್ದು ಬೆಣ್ಣೆ ಸವರಿದ ಬ್ರೆಡ್, ಟೀ, ಎರಡು ಮೇಜು ಇಸ್ಪೀಟು, ಪಣಕ್ಕೆ ಪುಡಿಕಾಸು. ದುಬಾರಿ ತಿನಿಸು ಬಡಿಸಿದವರನ್ನು ಮೆಚ್ಚುವುದಿರಲಿ, ಅಭಿರುಚಿಯಿಲ್ಲದವರು ಎಂದು ಮೂಗು ಮುರಿಯುತ್ತಿದ್ದರು. ಒಬ್ಬಳು ಭರ್ಜರಿಯಾಗಿ ಉಣಬಡಿಸಿದರೆ ಮುಂದಿನ ವಾರ ಕರೆಯಬೇಕಾದ ಬಡವಿಗೆ ಕಷ್ಟ, ಅದಕ್ಕೇ ಈ ಅಲಿಖಿತ ಮಿತಿ. ಮೇಣದ ಬತ್ತಿ ಅತಿಥಿಗಳಿಗೆ. ಅವರು ಹೋದ ಮೇಲೆ ಕೊಬ್ಬಿನ ಬತ್ತಿ. ಅಡುಗೆಮನೆಗೆ ಜೊಂಡನ್ನು ಕೊಬ್ಬಿನಲ್ಲಿ ಅದ್ದಿ ಮಾಡಿದ ಮಿಣುಕು ದೀಪ. 1831ರವರೆಗೆ ಬತ್ತಿಯ ಮೇಲೂ ಅಬಕಾರಿ ತೆರಿಗೆ ಇತ್ತು, 1851ರವರೆಗೆ ಕಿಟಕಿಗೂ ತೆರಿಗೆ. ಬೆಳಕಿಗೇ ಕಂದಾಯ ಕಟ್ಟಬೇಕಿದ್ದ ಕಾಲದಲ್ಲಿ ಹತ್ತು ಜನ ಒಂದೇ ಕೋಣೆಯಲ್ಲಿ ಕೂತು ಸಂಜೆ ಕಳೆದರೆ ಒಂಬತ್ತು ಮನೆಗಳ ಬತ್ತಿ ಉಳಿಯಿತು. ರಾತ್ರಿ ಬೇಗನೆ ಮುಗಿಸಿ, ಕೆಸರಿಗೆ ತಾಗದಂತೆ ಷೂಗಳ ಕೆಳಗೆ ಕಬ್ಬಿಣದ ಬಳೆಯಿದ್ದ ಮರದ ಅಟ್ಟೆ ಕಟ್ಟಿಕೊಂಡು, ಲಾಂದ್ರ ಹಿಡಿದ ಹುಡುಗಿಯ ಹಿಂದೆ ನಡೆದು ಮನೆ ಸೇರುವುದು. ಕೈಲಾಗದವರನ್ನು ಕುರ್ಚಿಪಲ್ಲಕ್ಕಿಯಲ್ಲಿ ಹೊತ್ತು ತರುತ್ತಿದ್ದರು.

ಕಾಗದ ಪತ್ರದ ವಿಷಯವನ್ನು ಬೇಗ ಹೇಳಿಬಿಡುತ್ತೇನೆ. 1840ರಲ್ಲಿ ಒಂದು ಪೆನ್ನಿಯ ಅಂಚೆ ಬರುವ ಮೊದಲು ಸಾಧಾರಣವಾಗಿ ಕಾಸು ಕೊಡಬೇಕಾದವರು ಕಾಗದ ಪಡೆದವರು. ಹದಿನೈದು ಮೈಲಿಯೊಳಗೆ ನಾಲ್ಕು ಪೆನ್ನಿ, ದೂರ ಹೆಚ್ಚಿದಂತೆ ಹೆಚ್ಚು, ಹಾಳೆ ಎರಡಾದರೆ ಎರಡರಷ್ಟು. ಅದಕ್ಕಾಗಿ ಒಂದೇ ಹಾಳೆ ತುಂಬಿದ ಮೇಲೆ ಅದನ್ನು ಅಡ್ಡ ತಿರುಗಿಸಿ ಬರೆದದ್ದರ ಮೇಲೇ ಮತ್ತೆ ಬರೆಯುತ್ತಿದ್ದರು. ಅಕ್ಕತಂಗಿಯರು ಹಾಗೆ ಬರೆದ ಹಾಳೆಗಳು ಉಳಿದಿವೆ. ಓದಲು ಕಣ್ಣಿಗೆ ಬಹಳ ಪ್ರಯಾಸ.

ಈ ವ್ಯವಸ್ಥೆಗೆ ದೊಡ್ಡ ಹೊಡೆತ ಕೊಡುತ್ತಿದ್ದದ್ದು ಬ್ಯಾಂಕು. ಆಗ ಊರೂರಿನ ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತಿದ್ದವು. ಬ್ಯಾಂಕು ಮುರಿದ ದಿನ ನಿಮ್ಮ ಪರ್ಸಿನ ಐದು ಪೌಂಡಿನ ನೋಟು ಬರೀ ಕಾಗದ. 1825ರ ಡಿಸೆಂಬರಿನಲ್ಲಿ ಶುರುವಾದ ಬಿಕ್ಕಟ್ಟಿನಲ್ಲಿ ಇಂಗ್ಲೆಂಡಿನ ಅರವತ್ತಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದವು. ಮರುವರ್ಷ ಹೊಸ ಕಾಯಿದೆ ಬಂದು, ಷೇರು ಬ್ಯಾಂಕುಗಳಿಗೆ ಲಂಡನ್ನಿನಿಂದ 65 ಮೈಲಿಯಾಚೆ ಅನುಮತಿ ಸಿಕ್ಕಿತು. ನೂರಕ್ಕೆ ಮೂರರ ಬಡ್ಡಿಯಲ್ಲಿ ಬೇಯುತ್ತಿದ್ದ ಹೆಂಗಸರು ಅವುಗಳ ಷೇರು ಕೊಂಡರು. ಷೇರುದಾರರ ಹೊಣೆಗೆ ಮಿತಿಯೇ ಇರಲಿಲ್ಲ ಅನ್ನುವುದೇ ಇಲ್ಲಿಯ ಕ್ರೌರ್ಯ. ಬ್ಯಾಂಕುಗಳಿಗೆ ಆ ಮಿತಿ ಸಿಕ್ಕಿದ್ದು 1858ರಲ್ಲಿ. ಅಲ್ಲಿಯವರೆಗೆ ಬ್ಯಾಂಕು ಮುಳುಗಿದರೆ ಷೇರಿನ ಹಣದ ಜೊತೆಗೆ ಮನೆಯ ಮೇಜು ಕುರ್ಚಿಯನ್ನೂ ಬ್ಯಾಂಕಿಗೆ ಸಾಲ ಕೊಟ್ಟವರು ಕೇಳಬಹುದಿತ್ತು.

ಆಸ್ಟಿನ್ ಮನೆಗೂ ಈ ಬಿಸಿ ತಟ್ಟಿತು. ಜೇನ್ ಅವರ ಅಣ್ಣ ಹೆನ್ರಿ ನಡೆಸುತ್ತಿದ್ದ ಬ್ಯಾಂಕು 1816ರ ಮಾರ್ಚಿನಲ್ಲಿ ದಿವಾಳಿಯಾಯಿತು. ಜೇನ್ ಕಳೆದುಕೊಂಡದ್ದು ಸಣ್ಣ ಮೊತ್ತ. ಆದರೆ ಹೆನ್ರಿ ಮತ್ತು ಇನ್ನೊಬ್ಬ ಅಣ್ಣ ಫ್ರಾಂಕ್ ವರ್ಷವರ್ಷವೂ ಅಮ್ಮನಿಗೆ ಕೊಡುತ್ತಿದ್ದ ಐವತ್ತೈವತ್ತು ಪೌಂಡ್ ನಿಂತುಹೋಯಿತು. ಜೇನ್ ಅವರ ಆರೋಗ್ಯ ಕೆಡುತ್ತಾ ಬಂದದ್ದೂ ಅದೇ ವರ್ಷ. ಮರುವರ್ಷ ಅವರು ತೀರಿಕೊಂಡರು.

ಹೀಗೆ ಗಂಟು ಕಳೆದುಕೊಂಡ ಹೆಂಗಸಿಗೆ ಮರ್ಯಾದೆ ಹೋಗದ ಉದ್ಯೋಗ ಎರಡೇ: ಪರರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವುದು, ಇಲ್ಲವೇ ಸ್ವಂತ ಶಾಲೆ ತೆರೆಯುವುದು. ಎಲಿಜಬೆತ್ ಗ್ಯಾಸ್ಕೆಲ್ ಕಲಿತ ಶಾಲೆಯನ್ನು ನಡೆಸುತ್ತಿದ್ದವರು ಬೈಯರ್ಲಿ ಅಕ್ಕತಂಗಿಯರು. ಪಿಂಗಾಣಿಯ ವೆಜ್‌ವುಡ್ ಸಂಸ್ಥೆಯಲ್ಲಿ ಪಾಲುದಾರನಾಗಿದ್ದ ತಂದೆ 1810ರಲ್ಲಿ ಸತ್ತ ಮೇಲೆ ಅವರಿಗೆ ಜೀವನೋಪಾಯವಾದದ್ದು ಆ ಶಾಲೆ. ವಾರಿಕ್‌ನಲ್ಲಿ ಶುರುಮಾಡಿ, ಬಾರ್‌ಫರ್ಡಿಗೆ, ಅಲ್ಲಿಂದ ಸ್ಟ್ರಾಟ್‌ಫರ್ಡಿಗೆ ಒಯ್ದು ಚೆನ್ನಾಗಿಯೇ ನಡೆಸಿದರು.

ಭೇಟಿಯ ಈ ರೂಢಿ ರಾಜಕೀಯಕ್ಕೂ ಒದಗಿತು. ನನಗೆ ಬಹಳ ಹೆಮ್ಮೆ ಅನ್ನಿಸುವ ಭಾಗ ಇದು. ಟೀ ಮೇಜಿನ ಸಕ್ಕರೆ ಬರುತ್ತಿದ್ದದ್ದು ವೆಸ್ಟ್ ಇಂಡೀಸಿನ ಗುಲಾಮರ ದುಡಿಮೆಯಿಂದ. ಲೆಸ್ಟರಿನ ಎಲಿಜಬೆತ್ ಹೈರಿಕ್ ಎಂಬ ವಿಧವೆ, ಗುಲಾಮಗಿರಿಯನ್ನು ಮೆಲ್ಲಮೆಲ್ಲಗೆ ತೆಗೆಯುವ ಮಾತು ಸಾಕು, ಈಗಲೇ ತೆಗೆಯಿರಿ ಎಂದು 1824ರಲ್ಲಿ ಒಂದು ಕಿರುಹೊತ್ತಗೆ ಬರೆದರು. ಗೆಳತಿ ಸುಸಾನಾ ವಾಟ್ಸ್ ಜೊತೆ ಮನೆಮನೆಗೆ ಹೋಗಿ, ಆ ಸಕ್ಕರೆಯನ್ನು ಕೊಳ್ಳಬೇಡಿ ಎಂದು ಕೇಳಿಕೊಂಡರು. 1825ರ ಏಪ್ರಿಲಿನಲ್ಲಿ ವೆಸ್ಟ್ ಬ್ರಾಮಿಚ್‌ನ ಪಾದ್ರಿಯ ಹೆಂಡತಿ ಲೂಸಿ ಟೌನ್ಸೆಂಡ್ ಅವರ ಮನೆಯಲ್ಲಿ ಹೆಂಗಸರದೇ ಸಂಘ ಹುಟ್ಟಿತು. ಆಮೇಲೆ ಊರೂರಲ್ಲಿ ಅಂಥ ಸಂಘಗಳು. ಗುಲಾಮಗಿರಿಯ ವಿರುದ್ಧ ಜೀವಮಾನವಿಡೀ ಹೋರಾಡಿದ ವಿಲ್ಬರ್‌ಫೋರ್ಸ್ ಅವರಂಥವರೇ, ಹೆಂಗಸರು ಮನೆಮನೆಗೆ ಹೋಗಿ ಅರ್ಜಿಗೆ ಸಹಿ ಮಾಡಿಸುವುದು ಹೆಣ್ಣಿನ ಸ್ವಭಾವಕ್ಕೆ ತಕ್ಕದ್ದಲ್ಲ ಎಂದು ಬರೆದರು. ಮನೆಮನೆಗೆ ಹೋಗುವುದನ್ನೇ ಜೀವನಕ್ರಮ ಮಾಡಿಕೊಂಡಿದ್ದವರು ಆ ಮಾತಿಗೆ ನಿಲ್ಲಲಿಲ್ಲ. 1833ರಲ್ಲಿ ಪಾರ್ಲಿಮೆಂಟಿಗೆ ಸಲ್ಲಿಸಿದ ಹೆಂಗಸರ ಅರ್ಜಿಯಲ್ಲಿ 1,87,157 ಸಹಿಗಳಿದ್ದವು. ಗುಲಾಮಗಿರಿ ರದ್ದತಿಯ ಕಾಯಿದೆ ಅದೇ ವರ್ಷ ಬಂತು.

ನಮ್ಮ ನೆಲಕ್ಕೂ ಈ ಟೀ ಮೇಜಿಗೂ ಒಂದು ನಂಟಿದೆ, ಅದನ್ನು ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಷೇರುದಾರರಲ್ಲಿ ಮದುವೆಯಾಗದ ಹೆಂಗಸರು, ವಿಧವೆಯರು ಗಣನೀಯವಾಗಿದ್ದರು. 1833ರ ಚಾರ್ಟರ್ ಕಾಯಿದೆ ಕಂಪನಿಯ ವ್ಯಾಪಾರವನ್ನು ನಿಲ್ಲಿಸಿತು, ಆದರೆ ಷೇರುದಾರರಿಗೆ ನೂರು ಪೌಂಡಿಗೆ ಹತ್ತೂವರೆ ಪೌಂಡ್ ಲಾಭಾಂಶ ಇಂಡಿಯಾದ ಕಂದಾಯದಿಂದಲೇ ಸಲ್ಲುತ್ತಿರಬೇಕು ಎಂದು ವಿಧಿಸಿತು. ಬಂಡವಾಳ 60 ಲಕ್ಷ ಪೌಂಡ್. ವರ್ಷಕ್ಕೆ 6,30,000 ಪೌಂಡ್ ಲಾಭಾಂಶ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಆದ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟುತ್ತಿತ್ತು. ಆ ಹಣವೂ ಕಂಪನಿಯ ಅದೇ ಆದಾಯಕ್ಕೆ ಸೇರುತ್ತಿತ್ತು. ಮಂಡ್ಯದ, ಶಿವಮೊಗ್ಗದ ರೈತ ತೆತ್ತ ಕಂದಾಯದ ಒಂದು ಚೂರು ಚೆಷೈರಿನ ಯಾವುದೋ ಮನೆಯ ಬೆಣ್ಣೆ ಬ್ರೆಡ್ ಆಗಿರಬಹುದು. ಸಕ್ಕರೆಯ ಹಿಂದಿನ ಕಣ್ಣೀರನ್ನು ಕಂಡ ಆ ಹೆಂಗಸರಿಗೆ ಈ ಲಾಭಾಂಶದ ಹಿಂದಿನ ಬೆವರು ಕಾಣಲಿಲ್ಲ. ಅವರನ್ನು ಇಷ್ಟು ಪ್ರೀತಿಸುವ ನನಗೂ ಇದನ್ನು ಮರೆಮಾಚಲು ಮನಸ್ಸು ಬರುವುದಿಲ್ಲ.

ಅಂತಸ್ತಿನ ವಿಷಯದಲ್ಲೂ ಅವರು ಕಟುವಾಗಿದ್ದರು. ಅಂಗಡಿಯವನ ಹೆಂಡತಿ ಎಷ್ಟು ಒಳ್ಳೆಯವಳಾದರೂ ಭೇಟಿಯ ಪಟ್ಟಿಗೆ ಸೇರುತ್ತಿರಲಿಲ್ಲ. ಅವರ ಆಸರೆಗೆ ಒಂದು ಬೇಲಿಯಿತ್ತು, ಬೇಲಿಯ ಹೊರಗೆ ಉಳಿದವರಿಗೆ ಅದರ ನೆರಳು ಸಿಗಲಿಲ್ಲ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. "ಮೇಡಂ, ಬಾಗಿಲು ತೆರೀತಿದ್ಳಲ್ಲ ಆ ಹುಡುಗಿ, ಅವಳ ಗತಿ ಏನು?"

ಬಹಳ ಸರಿಯಾದ ಪ್ರಶ್ನೆ. ಅವಳು ಹದಿಮೂರು ಹದಿನಾಲ್ಕರಲ್ಲಿ ಕೆಲಸಕ್ಕೆ ಸೇರಿದವಳು. ಊಟ ವಸತಿ ಮನೆಯಲ್ಲೇ, ಸಂಬಳ ವರ್ಷಕ್ಕೆ ಕೆಲವೇ ಪೌಂಡ್. ಹುಡುಗರ ಜೊತೆ ಮಾತಾಡುವಂತಿಲ್ಲ ಎಂಬ ಷರತ್ತು ಬೇರೆ. ಕೆಲಸ ಬಿಟ್ಟರೆ ಯಜಮಾನಿ ನಡತೆಯ ಪತ್ರ ಕೊಡಬೇಕು, ಇಲ್ಲದಿದ್ದರೆ ಇನ್ನೊಂದು ಮನೆ ಸಿಗದು. ಆದರೂ ಅವಳ ಕೈಯಲ್ಲಿ ಒಂದು ದಾರಿಯಿತ್ತು. 1817ರ ಕಾಯಿದೆಯಿಂದ ಬಲಗೊಂಡ ಉಳಿತಾಯ ಬ್ಯಾಂಕುಗಳಲ್ಲಿ ಖಾತೆ ತೆರೆದವರ ಪೈಕಿ ಮನೆಗೆಲಸದ ಹೆಂಗಸರದು ದೊಡ್ಡ ಗುಂಪು. ಷಿಲಿಂಗ್ ಷಿಲಿಂಗಾಗಿ ಇಟ್ಟ ಆ ಹಣ ಮದುವೆಯಾದೊಡನೆ ಗಂಡನ ಪಾಲಾಗುತ್ತಿತ್ತು. 1870ರಲ್ಲಿ ಮದುವೆಯಾದ ಹೆಂಗಸರ ಆಸ್ತಿಯ ಮೊದಲ ಕಾಯಿದೆ ಬಂದಾಗ, ಅದು ಹೆಂಡತಿಯ ಹಕ್ಕೆಂದು ಒಪ್ಪಿದ ಸಂಗತಿಗಳಲ್ಲಿ ಮುಖ್ಯವಾದವು ಅವಳು ದುಡಿದ ಕೂಲಿ ಮತ್ತು ಉಳಿತಾಯ ಬ್ಯಾಂಕಿನಲ್ಲಿ ಅವಳ ಹೆಸರಿನಲ್ಲಿದ್ದ ಹಣ. ಉಳಿದ ಆಸ್ತಿಗೆಲ್ಲ ಅದೇ ಹಕ್ಕು ಬರಲು ಅವಳ ಯಜಮಾನಿಯ ಮನೆತನದವರು 1882ರ ಕಾಯಿದೆಯವರೆಗೆ ಕಾಯಬೇಕಾಯಿತು.